ಹದಿನೆಂಟು ತುಂಬಿದ ಮರುದಿನ
ಬಾಲಗೃಹದಿಂದ ಹೊರಬರುವ ತರುಣ ತರುಣಿಯರ ಹಕ್ಕು ಮತ್ತು ಹಣದ ನೆರವು

ನಮ್ಮ ವಾಚನಾಲಯದ ಈ ಅಭ್ಯಾಸ ಪುಟದಲ್ಲಿ ಇದುವರೆಗೆ ದುಡಿಯುವವರಿಗೆ ಬೇಕಾದ ಕಾಯಿದೆಗಳನ್ನೇ ಹೆಚ್ಚಾಗಿ ಓದುತ್ತ ಬಂದಿದ್ದೇವೆ. ಈ ಸಲ, ಇನ್ನೂ ದುಡಿಮೆಗೆ ಕಾಲಿಡದಿದ್ದರೂ ಒಂದು ನಿಶ್ಚಿತ ದಿನಾಂಕದಂದು ಇಡಲೇಬೇಕಾಗುವ ಕೆಲವು ತರುಣರ ವಿಷಯವನ್ನು ತೆಗೆದುಕೊಂಡಿದ್ದೇವೆ. ಬಾಲಗೃಹಗಳಲ್ಲಿ ಬೆಳೆದು, ಹದಿನೆಂಟು ವರ್ಷ ತುಂಬಿದೊಡನೆ ಅಲ್ಲಿಂದ ಹೊರಡಬೇಕಾದ ಹುಡುಗ ಹುಡುಗಿಯರು ಇವರು. ನಮ್ಮ ಊರ ಕಡೆ ಇಂಥ ಗೃಹವನ್ನು ಬಾಲಮಂದಿರ ಎನ್ನುತ್ತಾರೆ.

ಇದರಿಂದ ನಮಗೇನು ಎಂದು ಕೆಲವರು ಕೇಳಬಹುದು. ಇಂಥ ಸರಕಾರಿ ಗೃಹಗಳು ದೂರದಲ್ಲೇನೂ ಇಲ್ಲ. ನಮ್ಮ ಭಾಗದವರು ನಿತ್ಯ ಹಾದುಹೋಗುವ ಭಿವಂಡಿಯಲ್ಲಿಯೂ ಉಲ್ಲಾಸನಗರದಲ್ಲಿಯೂ ಇವೆ. ಅಲ್ಲಿಂದ ಹೊರಟ ತರುಣರು ಕೆಲಸ ಹುಡುಕುವುದು ನಾವು ಕೆಲಸ ಮಾಡುವ ಜಾಗಗಳಲ್ಲಿಯೇ: ಡೊಂಬಿವಲಿಯ ಕಾರಖಾನೆಗಳಲ್ಲಿ, ಭಿವಂಡಿಯ ಮಗ್ಗಗಳಲ್ಲಿ ಹಾಗೂ ಗೋದಾಮುಗಳಲ್ಲಿ, ನವಿ ಮುಂಬಯಿಯ ಕಚೇರಿ, ಹೋಟೆಲುಗಳಲ್ಲಿ. ಅವರ ಅರ್ಜಿ ಬರುವುದು ನಮ್ಮಂಥ ಗುಮಾಸ್ತರ ಮೇಜಿಗೆ. ಅವರು ಖೋಲಿ ಕೇಳುವುದು ನಮ್ಮಂಥವರ ಚಾಳುಗಳಲ್ಲಿ.

ಇನ್ನೊಂದು ಕಾರಣವೂ ಉಂಟು. ಮನೆ ಬಿಟ್ಟು ಬಂದ ಹುಡುಗನ ಪಾಡನ್ನು ಮುಂಬಯಿ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಡುಪಿ, ಕುಂದಾಪುರಗಳಿಂದ ಮೀಸೆ ಮೂಡದ ಹುಡುಗರು ಹೋಟೆಲುಗಳಿಗೆ ಬಂದು, ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಕಾಲವಿತ್ತು. ಅಷ್ಟು ಚಿಕ್ಕ ಮಕ್ಕಳ ದುಡಿಮೆ ಒಳ್ಳೆಯದಾಗಿರಲಿಲ್ಲ. 2006ರ ಅಕ್ಟೋಬರದಿಂದ ಹೋಟೆಲುಗಳಲ್ಲಿ ಹದಿನಾಲ್ಕರೊಳಗಿನವರನ್ನು ಇಡಬಾರದೆಂದು ಕಾಯಿದೆ ತಡೆದದ್ದು ಸರಿಯೇ. ಆದರೆ ಆ ಹುಡುಗನಿಗೆ ಒಂದು ಊರಿತ್ತು. ಊರಿನವರೊಬ್ಬರು ಮಲಗಲು ಜಾಗ ತೋರಿಸುತ್ತಿದ್ದರು, ಧಣಿಗೆ ಅವನ ಗುರುತು ಹೇಳುತ್ತಿದ್ದರು, ಜ್ವರ ಬಂದರೆ ಮನೆಗೆ ಕಾಗದ ಬರೆಯುತ್ತಿದ್ದರು. ಬಾಲಗೃಹ ಬಿಟ್ಟ ಹುಡುಗನಿಗೆ ಎಷ್ಟೋ ವೇಳೆ ಆ ಊರೇ ಇರುವುದಿಲ್ಲ. ಅದರ ಸ್ಥಾನದಲ್ಲಿ ಕಾಯಿದೆ ಅವನಿಗೆ ಏನು ಕೊಟ್ಟಿದೆ, ಅದು ಅವನ ಕೈಗೆ ಸೇರಲು ಏನಾಗಬೇಕು ಎಂಬುದೇ ಈ ಪಾಠದ ವಿಷಯ.

1. ಈ ಮಕ್ಕಳು ಯಾರು?

ಬಾಲಗೃಹದಲ್ಲಿರುವವರೆಲ್ಲ ತಂದೆತಾಯಿ ಸತ್ತ ಮಕ್ಕಳೆಂದು ಭಾವಿಸುವುದು ತಪ್ಪು. ಮನೆಯಲ್ಲಿ ಪೆಟ್ಟು ತಿಂದು ಓಡಿಬಂದು ಕಲ್ಯಾಣ ಅಥವಾ ಠಾಣೆಯ ಸ್ಟೇಶನ್ನಿನಲ್ಲಿ ಸಿಕ್ಕವರಿದ್ದಾರೆ. ತಾಯಿ ತೀರಿಕೊಂಡು ತಂದೆ ಎಲ್ಲಿದ್ದಾನೆಂದು ತಿಳಿಯದವರಿದ್ದಾರೆ. ಹೆತ್ತವರು ಸೆರೆಮನೆಯಲ್ಲಿಯೋ ದೀರ್ಘ ಕಾಯಿಲೆಯಲ್ಲಿಯೋ ಇರುವವರು, ಕೂಲಿಯಿಂದ ಬಿಡಿಸಿ ತಂದವರು, ಬಿಕ್ಷೆಗೆ ಹಚ್ಚಲ್ಪಟ್ಟವರು ಇದ್ದಾರೆ. ಇಂಥ ಮಗು ಸಿಕ್ಕಿದರೆ ಇಪ್ಪತ್ತನಾಲ್ಕು ತಾಸಿನೊಳಗೆ, ಪ್ರಯಾಣದ ಸಮಯ ಬಿಟ್ಟು, ಜಿಲ್ಲೆಯ ಬಾಲಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ಸದಸ್ಯರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು.

ಏನಾದರೂ ಅಪರಾಧ ಮಾಡಿದ ಆರೋಪವಿರುವ ಮಕ್ಕಳದು ಬೇರೆ ದಾರಿ. ಅವರು ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತಾರೆ. ಅದರಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಕೂಡುತ್ತಾರೆ. ಜನ ಇಂದಿಗೂ 'ರಿಮಾಂಡ್ ಹೋಮ್' ಎಂದು ಕರೆಯುವುದು ಈ ಮಕ್ಕಳನ್ನು ಇಡುವ ನಿರೀಕ್ಷಣ ಗೃಹವನ್ನು. ಭಿವಂಡಿಯದಾಗಲಿ ಮುಂಬಯಿಯ ಡೋಂಗ್ರಿಯದಾಗಲಿ ಇದೇ ಹೆಸರಿನಿಂದ ಬಾಯಿಮಾತಿನಲ್ಲಿ ಉಳಿದಿದೆ. ಇದರ ಫಲವಾಗಿ ಯಾವ ತಪ್ಪನ್ನೂ ಮಾಡದೆ ಕೇವಲ ನಿರಾಶ್ರಿತನಾಗಿ ಬೆಳೆದ ಹುಡುಗನನ್ನೂ ಜನ 'ರಿಮಾಂಡಿನವನು' ಎಂದುಬಿಡುತ್ತಾರೆ. ಈ ಎರಡು ದಾರಿಗಳ ಭೇದವನ್ನು ಓದು ಬಲ್ಲವರಾದರೂ ತಿಳಿದಿರಬೇಕು.

2. ಹಳೆಯ ಕಾಯಿದೆಗಳು

ನಮ್ಮ ದೇಶದಲ್ಲಿ ನಿರಾಶ್ರಿತ ಮಕ್ಕಳ ಬಗ್ಗೆ ಆದ ಮೊದಲ ಕಾಯಿದೆಗಳಲ್ಲೊಂದು 1850ರ ಅಪ್ರೆಂಟಿಸರ ಕಾಯಿದೆ. ಹತ್ತರಿಂದ ಹದಿನೆಂಟು ವರ್ಷದೊಳಗಿನ ಮಗುವನ್ನು ಒಂದು ಕಸಬಿಗೆ, ಒಬ್ಬ ಯಜಮಾನನ ಕೈಕೆಳಗೆ, ಹೆಚ್ಚೆಂದರೆ ಏಳು ವರ್ಷ ಕಟ್ಟಿಹಾಕಲು ಅದು ಅವಕಾಶ ಕೊಟ್ಟಿತು. ಗಂಡುಮಗುವಿಗೆ ಇಪ್ಪತ್ತೊಂದು ತುಂಬಿದರೆ ಕರಾರು ಮುಗಿಯಿತು. ಹೆಣ್ಣುಮಗುವಿಗೆ ಮದುವೆಯಾದರೆ ಮುಗಿಯಿತು. ಮಗುವಿನ ಹಕ್ಕು ಎಂಬ ಮಾತು ಆಗಿನ್ನೂ ಹುಟ್ಟಿರಲಿಲ್ಲ. ಮಗು ಬೀದಿಯಲ್ಲಿ ಇರಬಾರದು, ಯಾರದಾದರೂ ಕೆಲಸಕ್ಕೆ ಒದಗಬೇಕು, ಇಷ್ಟೇ ಅದರ ಆಶಯ.

ಮಕ್ಕಳ ಕಾಯಿದೆ ಎಂಬ ಹೆಸರಿನವು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ: ಮದ್ರಾಸಿನಲ್ಲಿ 1920, ಬಂಗಾಲದಲ್ಲಿ 1922, ಮುಂಬಯಿಯಲ್ಲಿ 1924. ಮುಂಬಯಿಯಲ್ಲಿ 1948ರಲ್ಲಿ ಹೊಸ ಕಾಯಿದೆಯಾಯಿತು. ಆಗ ಠಾಣೆಯೂ ಧಾರವಾಡ, ಬೆಳಗಾವಿ, ವಿಜಾಪುರಗಳೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವೆಂಬುದು ನಮ್ಮ ವಾಚಕರಲ್ಲಿ ಹಲವರಿಗೆ ಹಿರಿಯರಿಂದ ತಿಳಿದಿದ್ದೀತು. 1986ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬಾಲ ನ್ಯಾಯ ಕಾಯಿದೆ ಬಂದಿತು. ಅದರಲ್ಲಿ ಹುಡುಗನಿಗೆ ಹದಿನಾರು, ಹುಡುಗಿಗೆ ಹದಿನೆಂಟು ಎಂಬ ಗಡಿ ಇತ್ತು. 2000ದ ಕಾಯಿದೆ ಇಬ್ಬರಿಗೂ ಹದಿನೆಂಟು ಎಂದು ಮಾಡಿತು. ಈಗ ನಡೆಯುತ್ತಿರುವುದು 2015ರ ಕಾಯಿದೆ. ಅದು ಜಾರಿಗೆ ಬಂದದ್ದು 2016ರ ಜನವರಿ 15ರಂದು.

ಈ ಬದಲಾವಣೆಯ ಹಿಂದೆ ಹೊರಗಿನ ಪ್ರಪಂಚದ ಒತ್ತಾಸೆಯೂ ಇತ್ತು. ವಿಶ್ವಸಂಸ್ಥೆ 1989ರ ನವೆಂಬರ 20ರಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 1992ರ ಡಿಸೆಂಬರ 11ರಂದು ಅದನ್ನು ಒಪ್ಪಿಕೊಂಡಿತು. ಮನೆಯ ಆಸರೆ ತಪ್ಪಿದ ಮಗುವಿಗೆ ಸರಕಾರದಿಂದ ವಿಶೇಷ ರಕ್ಷಣೆ ಮತ್ತು ಸಹಾಯ ಪಡೆಯುವ ಹಕ್ಕಿದೆಯೆಂದು ಅದರ 20ನೆಯ ವಿಧಿ ಹೇಳುತ್ತದೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ಅದಕ್ಕೆ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕು ಎಂದು 12ನೆಯ ವಿಧಿ ಹೇಳುತ್ತದೆ. ಆದರೆ ಒಡಂಬಡಿಕೆಯ ಪ್ರಕಾರ ಮಗು ಎಂದರೆ ಹದಿನೆಂಟರೊಳಗಿನವರು ಮಾತ್ರ. ಹುಟ್ಟುಹಬ್ಬದ ದಿನ ಮಗು ವಯಸ್ಕನಾಗುತ್ತಾನೆ. ಹಿಂದಿನ ರಾತ್ರಿ ಇಲ್ಲದ ಯಾವ ಬುದ್ಧಿಯೂ ಹಣವೂ ಆ ಬೆಳಿಗ್ಗೆ ಅವನಿಗೆ ಬಂದಿರುವುದಿಲ್ಲ. ನಮ್ಮ ಮನೆಗಳಲ್ಲಿ ಹದಿನೆಂಟು ತುಂಬಿದ ಮಗನಿಗೆ ನಾಳೆಯಿಂದ ಬೇರೆ ಬಿಡಾರ ಮಾಡು ಎಂದು ಯಾರೂ ಹೇಳುವುದಿಲ್ಲ. ಈ ಕಾರಣದಿಂದ 'ಅನುರಕ್ಷಣೆ' ಎಂಬ ವ್ಯವಸ್ಥೆ ಹುಟ್ಟಿತು. ಗೃಹ ಬಿಟ್ಟ ನಂತರದ ರಕ್ಷಣೆ ಎಂದು ಅದರ ಅರ್ಥ. ಮರಾಠಿ ಕಚೇರಿಗಳಲ್ಲಿಯೂ ಇದೇ ಶಬ್ದ ನಡೆಯುತ್ತದೆ.

3. 'ಬಹುದು' ಮತ್ತು 'ತಕ್ಕದ್ದು'

2015ರ ಕಾಯಿದೆಯ 46ನೆಯ ಕಲಮು ಒಂದೇ ವಾಕ್ಯದ್ದು. ಹದಿನೆಂಟು ವರ್ಷ ತುಂಬಿ ಗೃಹ ಬಿಡುವ ಮಗುವಿಗೆ ಸಮಾಜದಲ್ಲಿ ಸೇರಿಕೊಳ್ಳಲು ಅನುಕೂಲವಾಗುವಂತೆ, ನಿಯಮಗಳಲ್ಲಿ ಹೇಳಿದ ರೀತಿಯಲ್ಲಿ ಹಣದ ನೆರವು ನೀಡಬಹುದು ಎಂಬುದು ಅದರ ಸಾರ. 'ನೀಡಬಹುದು' ಎಂಬ ಕ್ರಿಯಾಪದವನ್ನು ವಾಚಕರು ಗಮನಿಸಬೇಕು. ಕಾಯಿದೆಯ ಭಾಷೆಯಲ್ಲಿ 'ಬಹುದು' ಎಂದರೆ ಅಧಿಕಾರಿಗೆ ವಿವೇಚನೆ ಉಂಟು. 'ತಕ್ಕದ್ದು' ಎಂದರೆ ಕರ್ತವ್ಯ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಎಡೆ ಸಿಗುವುದು ಈ 'ಬಹುದು' ಎಂಬಲ್ಲಿಯೇ.

ಆದರೆ ಓದು ಅಲ್ಲಿಗೇ ನಿಲ್ಲಿಸಬಾರದು. ಕಾಯಿದೆಯ ಕೆಳಗೆ ಕೇಂದ್ರ ಸರಕಾರ 2016ರಲ್ಲಿ ಮಾದರಿ ನಿಯಮಗಳನ್ನು ಮಾಡಿತು. ಮಹಾರಾಷ್ಟ್ರ ತನ್ನ ನಿಯಮಗಳನ್ನು 2018ರಲ್ಲಿ ಮಾಡಿತು. ಮಾದರಿ ನಿಯಮಗಳ 25ನೆಯ ನಿಯಮ ಅನುರಕ್ಷಣೆಯದು. ಅದರಲ್ಲಿ ಮುಖ್ಯವಾದ ಸಂಗತಿಗಳು ಹೀಗಿವೆ:

ಒಂದು: ಸಮಿತಿಯ ಅಥವಾ ಮಂಡಳಿಯ ಆದೇಶದ ಮೇಲೆ ಇಪ್ಪತ್ತೊಂದು ವರ್ಷದವರೆಗೆ ಅನುರಕ್ಷಣೆ ಕೊಡಬಹುದು. ವಿಶೇಷ ಸಂದರ್ಭಗಳಲ್ಲಿ ಇನ್ನೂ ಎರಡು ವರ್ಷ, ಅಂದರೆ ಇಪ್ಪತ್ತಮೂರರವರೆಗೆ, ಮುಂದುವರಿಸಬಹುದು.

ಎರಡು: ಮಗು ಗೃಹ ಬಿಡುವ ಎರಡು ತಿಂಗಳು ಮೊದಲೇ, ಬಿಟ್ಟ ನಂತರ ಎಲ್ಲಿರಬೇಕು, ಏನು ಕಲಿಯಬೇಕು, ಯಾವ ನೆರವು ಬೇಕು ಎಂಬ ಯೋಜನೆಯೊಂದನ್ನು ಗೃಹದ ಬಾಲಕಲ್ಯಾಣ ಅಧಿಕಾರಿ ಅಥವಾ ಪ್ರೊಬೇಶನ್ ಅಧಿಕಾರಿ ಬರೆದು ಸಮಿತಿಗೆ ಅಥವಾ ಮಂಡಳಿಗೆ ಒಪ್ಪಿಸತಕ್ಕದ್ದು.

ಮೂರು: ಓದು, ವೈದ್ಯಕೀಯ ನೆರವು, ಆಹಾರ, ಕಸಬಿನ ತರಬೇತಿ ಮೊದಲಾದವುಗಳಲ್ಲಿ ಇಂಥ ತರುಣರಿಗೆ ಸಹಾಯ ಮಾಡಲು ಮನಸ್ಸಿರುವ ಸಂಸ್ಥೆಗಳ ಮತ್ತು ವ್ಯಕ್ತಿಗಳ ಪಟ್ಟಿಯನ್ನು ಜಿಲ್ಲಾ ಬಾಲ ಸಂರಕ್ಷಣ ಘಟಕ ಸಿದ್ಧಪಡಿಸಿ ಇಡತಕ್ಕದ್ದು, ಎಲ್ಲ ಗೃಹಗಳಿಗೂ ಕಳಿಸತಕ್ಕದ್ದು.

ನಾಲ್ಕು: ಅನುರಕ್ಷಣೆಗೆ ಸೇರಿಸಿದವರಿಗೆ ಅಗತ್ಯ ಖರ್ಚಿನ ಹಣವನ್ನು ನೇರವಾಗಿ ಅವರ ಬ್ಯಾಂಕ್ ಖಾತೆಗೆ ಹಾಕತಕ್ಕದ್ದು.

ಇವುಗಳಲ್ಲದೆ ಆರರಿಂದ ಎಂಟು ಮಂದಿ ಕೂಡಿ ಇರುವ ತಾತ್ಕಾಲಿಕ ವಸತಿ, ತರಬೇತಿಯ ಕಾಲದಲ್ಲಿ ವೇತನ, ಮುಂದಿನ ಓದಿಗೆ ವಿದ್ಯಾರ್ಥಿ ವೇತನ, ಸ್ವಂತ ಉದ್ಯೋಗಕ್ಕೆ ಸಾಲದ ಏರ್ಪಾಡು, ಆಗಾಗ ಭೇಟಿಯಾಗಿ ಕಷ್ಟಸುಖ ವಿಚಾರಿಸುವ ಸಲಹೆಗಾರ, ಇವೆಲ್ಲವನ್ನೂ ನಿಯಮ ಹೆಸರಿಸಿದೆ.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ. ಹಣ 'ಬಹುದು' ಎಂಬುದರಲ್ಲಿದೆ. ಯೋಜನೆಯೂ ಪಟ್ಟಿಯೂ 'ತಕ್ಕದ್ದು' ಎಂಬುದರಲ್ಲಿವೆ. ಯೋಜನೆ ಇಲ್ಲದೆ ಸಮಿತಿಯ ಮುಂದೆ ಶಿಫಾರಸು ಬರುವುದಿಲ್ಲ, ಶಿಫಾರಸು ಇಲ್ಲದೆ ಆದೇಶ ಕಷ್ಟ, ಆದೇಶವಿಲ್ಲದೆ ಹಣವಿಲ್ಲ. ಆದುದರಿಂದ ಹಣ ಕೊಡಿ ಎಂದು ಹದಿನೆಂಟು ತುಂಬಿದ ಮೇಲೆ ಕೇಳುವುದಕ್ಕಿಂತ, ಯೋಜನೆ ಎಲ್ಲಿ ಎಂದು ಹದಿನೇಳೂವರೆಗೇ ಕೇಳುವುದು ಬಲವಾದ ದಾರಿ. ಮೊದಲನೆಯದನ್ನು ಅಧಿಕಾರಿ ವಿವೇಚನೆಯ ಮಾತೆಂದು ಮುಂದೂಡಬಹುದು. ಎರಡನೆಯದು ಅವರು ಮಾಡಲೇಬೇಕಾದ ಕೆಲಸ. ಈ ಪಾಠದಲ್ಲಿ ಬೇರೇನು ಮರೆತರೂ ಈ ಒಂದು ಮಾತನ್ನು ವಾಚಕರು ನೆನಪಿಡಬೇಕು.

4. ಹಣ ಎಷ್ಟು, ಸಾಕೇ?

ಕೇಂದ್ರ ಸರಕಾರದ 'ಮಿಷನ್ ವಾತ್ಸಲ್ಯ' ಯೋಜನೆಯ 2022ರ ಮಾರ್ಗಸೂಚಿಯಂತೆ ಅನುರಕ್ಷಣೆಯ ನೆರವು ತಿಂಗಳಿಗೆ 4,000 ರೂಪಾಯಿ. ಗುಮಾಸ್ತರ ಲೆಕ್ಕಕ್ಕೆ ಹಾಕಿದರೆ ವರ್ಷಕ್ಕೆ 48,000. ಹದಿನೆಂಟರಿಂದ ಇಪ್ಪತ್ತೊಂದರವರೆಗೆ ಮೂರು ವರ್ಷಕ್ಕೆ 1,44,000. ದಿನಕ್ಕೆ ಸುಮಾರು 133 ರೂಪಾಯಿ.

ಈ 133 ರೂಪಾಯಿಯಲ್ಲಿ ಊಟ, ಬಾಡಿಗೆ, ರೈಲು ಪಾಸು, ಸಾಬೂನು ಎಲ್ಲ ಆಗಬೇಕೆಂದರೆ ಕಲ್ಯಾಣದಲ್ಲಿಯೂ ಆಗದು, ಡೊಂಬಿವಲಿಯಲ್ಲಿಯೂ ಆಗದು. ಕೆಲಸದ ಅಥವಾ ತರಬೇತಿಯ ಜೊತೆಗೆ ಊರುಗೋಲಿನಂತೆ ಮಾತ್ರ ಅದು ನಿಲ್ಲಬಲ್ಲದು. ಆದರೆ ಮೊತ್ತಕ್ಕಿಂತ ದೊಡ್ಡ ತೊಡಕೊಂದಿದೆ. ನೆರವು ಬರುವುದು ತಿಂಗಳು ತಿಂಗಳಾಗಿ. ಖರ್ಚು ಬೀಳುವುದು ಮೊದಲ ವಾರದಲ್ಲಿ ಒಟ್ಟಿಗೆ. ಖೋಲಿಗೆ ಹನ್ನೊಂದು ತಿಂಗಳ ಕರಾರು, ಠೇವಣಿ, ದಲಾಲಿ. ಎರಡು ಪಾತ್ರೆ, ಒಂದು ಹಾಸಿಗೆ. ಕೆಲಸಕ್ಕೆ ಹೋಗಲು ಬೂಟು. ಒಂದನೆಯ ತಾರೀಖಿಗೆ ಕೆಲಸಕ್ಕೆ ಸೇರಿದವನಿಗೂ ಪಗಾರ ಕೈಗೆ ಬರುವುದು ಮುಂದಿನ ತಿಂಗಳ ಏಳರ ಹೊತ್ತಿಗೆ. ಆ ಮೂವತ್ತಾರು ಮೂವತ್ತೇಳು ದಿನ ಏನು ಮಾಡಬೇಕು? ನಮ್ಮಲ್ಲಿ ಊರಿನಿಂದ ಬಂದ ತರುಣ ಆ ದಿನಗಳನ್ನು ಮಾವನ ಖೋಲಿಯಲ್ಲಿ ಕಳೆಯುತ್ತಾನೆ. ಮಾವನಿಲ್ಲದವನು ಸಾಲದ ಬಾಯಿಗೆ ಬೀಳುತ್ತಾನೆ, ಇಲ್ಲವೆ ಮಲಗಲು ಜಾಗ ಕೊಟ್ಟ ಯಾವನಾದರೂ ಹೇಳಿದ ಕೆಲಸವನ್ನೆಲ್ಲ ಮಾಡುತ್ತಾನೆ. ಹುಡುಗಿಯಾದರೆ ಅವಸರದ ಮದುವೆಯೊಂದೇ ವಸತಿಯ ದಾರಿಯಾಗಿ ಕಾಣುತ್ತದೆ. 1850ರ ಕಾಯಿದೆಯಲ್ಲಿ ಹೆಣ್ಣುಮಗುವಿಗೆ ಬರೆದಿದ್ದ ಕೊನೆಯೂ ಅದೇ ಆಗಿತ್ತೆಂಬುದನ್ನು ನೆನೆಯಬೇಕು.

ಹೋಲಿಕೆಗೆ ಇನ್ನೊಂದು ಯೋಜನೆಯನ್ನು ನೋಡೋಣ. ಕೋವಿಡ್ ಕಾಲದಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ 2021ರ ಮೇ 29ರಂದು ಪಿ.ಎಂ. ಕೇರ್ಸ್ ಯೋಜನೆ ಘೋಷಣೆಯಾಯಿತು. ಪ್ರತಿ ಮಗುವಿಗೆ ಹದಿನೆಂಟಾಗುವಾಗ 10 ಲಕ್ಷ ರೂಪಾಯಿ ನಿಧಿ ಸಿದ್ಧವಿರಬೇಕು. ಹದಿನೆಂಟರಿಂದ ಇಪ್ಪತ್ತಮೂರರವರೆಗೆ ಅದರಿಂದ ತಿಂಗಳ ವೇತನ. ಇಪ್ಪತ್ತಮೂರಕ್ಕೆ ಪೂರ್ತಿ ಹಣ. ಜೊತೆಗೆ 5 ಲಕ್ಷದ ಆರೋಗ್ಯ ವಿಮೆ. ಮಹಾರಾಷ್ಟ್ರ ಸರಕಾರವೂ ಆ ವರ್ಷ ಅಂಥ ಮಕ್ಕಳ ಹೆಸರಿನಲ್ಲಿ 5 ಲಕ್ಷದ ಠೇವಣಿ ಇಡಲು ನಿರ್ಧರಿಸಿತು. ಇವು ಒಳ್ಳೆಯ ಕೆಲಸಗಳೇ. ಆದರೆ ತಂದೆತಾಯಿ ಯಾವ ರೋಗದಿಂದ, ಯಾವ ವರ್ಷ ಸತ್ತರು ಎಂಬುದರ ಮೇಲೆ ಇಬ್ಬರು ಅನಾಥರ ಪಾಲು ಇಷ್ಟು ಬೇರೆಯಾಗಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಒಬ್ಬನಿಗೆ ಮಾಡಬಲ್ಲದ್ದನ್ನು ಸರಕಾರ ಇನ್ನೊಬ್ಬನಿಗೂ ಮಾಡಬಲ್ಲದೆಂಬುದಕ್ಕೆ ಇದೇ ಸಾಕ್ಷಿ.

ಬೇರೆ ದೇಶಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಇಂಗ್ಲೆಂಡಿನಲ್ಲಿ 2000ದಲ್ಲಿ ಗೃಹ ಬಿಡುವ ಮಕ್ಕಳಿಗೆಂದೇ ಕಾಯಿದೆ ಮಾಡಿ, ಪ್ರತಿಯೊಬ್ಬರಿಗೂ ಒಬ್ಬ ಸಲಹೆಗಾರನನ್ನು ಗೊತ್ತುಮಾಡುವ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆ ಹೊರಿಸಿದರು. 2017ರ ಕಾಯಿದೆ ಆ ನೆರವನ್ನು ಇಪ್ಪತ್ತೈದರವರೆಗೆ ವಿಸ್ತರಿಸಿತು. ಹಣದ ಜೊತೆಗೆ ಒಬ್ಬ ಮನುಷ್ಯನೂ ಬೇಕು ಎಂಬ ಅನುಭವ ಅಲ್ಲಿಯೂ ಆಯಿತು.

5. ಎಲ್ಲಿಗೆ ಹೋಗಬೇಕು?

ಠಾಣೆ, ಕಲ್ಯಾಣ, ಡೊಂಬಿವಲಿ, ಉಲ್ಲಾಸನಗರ, ಭಿವಂಡಿಗಳಿಗೆ ಠಾಣೆಯ ಜಿಲ್ಲಾ ಮಹಿಳಾ ಮತ್ತು ಬಾಲವಿಕಾಸ ಅಧಿಕಾರಿಯ ಕಚೇರಿ, ಅದರ ಜಿಲ್ಲಾ ಬಾಲ ಸಂರಕ್ಷಣ ಘಟಕ, ಮತ್ತು ಠಾಣೆ ಜಿಲ್ಲೆಯ ಬಾಲಕಲ್ಯಾಣ ಸಮಿತಿ ಇವೆ. ನವಿ ಮುಂಬಯಿಯವರು ಮಾತ್ರ ಎಚ್ಚರ ವಹಿಸಬೇಕು. ಐರೋಲಿ, ವಾಶಿ, ನೆರೂಳ, ಬೇಲಾಪುರಗಳು ಠಾಣೆ ಜಿಲ್ಲೆಗೆ ಸೇರಿವೆ. ಖಾರಘರ, ಕಾಮೋಠೆ, ಪನವೇಲಗಳು ರಾಯಗಡ ಜಿಲ್ಲೆಯವು, ಅವುಗಳ ಜಿಲ್ಲಾ ಕೇಂದ್ರ ಅಲೀಬಾಗ. ಪಾಲಘರ 2014ರ ಆಗಸ್ಟ್ 1ರಿಂದ ಪ್ರತ್ಯೇಕ ಜಿಲ್ಲೆ. ಹದಿನೆಂಟರೊಳಗಿನ ಮಗು ಸಂಕಟದಲ್ಲಿದ್ದರೆ 1098 ಎಂಬ ಉಚಿತ ದೂರವಾಣಿಗೆ ಹೇಳಬೇಕು. ಈ ಸೇವೆ 1996ರಲ್ಲಿ ಮುಂಬಯಿಯಲ್ಲಿಯೇ ಹುಟ್ಟಿದ್ದು.

ಅರ್ಜಿ ತಿರಸ್ಕೃತವಾದರೆ ಅದೇ ಕೊನೆಯೆಂದು ತಿಳಿಯಬಾರದು. ಅನುರಕ್ಷಣೆಯ ಬಗ್ಗೆ ಬಾಲಕಲ್ಯಾಣ ಸಮಿತಿ ಕೊಟ್ಟ ನಿರ್ಣಯದ ಮೇಲೆ ಮೂವತ್ತು ದಿನಗಳೊಳಗೆ ಜಿಲ್ಲಾಧಿಕಾರಿಯವರಲ್ಲಿ ಅಪೀಲು ಮಾಡಲು 101ನೆಯ ಕಲಮಿನಲ್ಲಿ ಅವಕಾಶವಿದೆ. ಆದುದರಿಂದ ಬಾಯಿಮಾತಿನ 'ಇಲ್ಲ'ವನ್ನು ಕೇಳಿ ಮರಳಬಾರದು. ಅರ್ಜಿಯನ್ನು ಬರೆದು ಕೊಟ್ಟು, ಪ್ರತಿಯ ಮೇಲೆ ತಾರೀಖು ಹಾಕಿದ ಪೋಚು ಪಡೆದು, ಉತ್ತರವನ್ನೂ ಬರಹದಲ್ಲಿಯೇ ಕೇಳಬೇಕು.

6. ಕೈಯಲ್ಲಿರಬೇಕಾದ ಕಾಗದಗಳು

ಗೃಹದಲ್ಲಿರುವ ತನಕ ಕಾಗದಪತ್ರಗಳು ಕಚೇರಿಯ ಕಪಾಟಿನಲ್ಲಿರುತ್ತವೆ. ಹೊರಟ ಮೇಲೆ ಅವುಗಳಿಗಾಗಿ ಮತ್ತೆ ಮತ್ತೆ ಅಲೆಯುವುದು, ದಿನಗೂಲಿಯವನಿಗೆ ಪ್ರತಿ ಸಲವೂ ಒಂದು ದಿನದ ಕೂಲಿ ನಷ್ಟ. ಹೊರಡುವ ಮೊದಲು ಇವು ಕೈಯಲ್ಲಿರುವುದು ಮೇಲು: ಹುಟ್ಟಿದ ದಿನಾಂಕದ ಪುರಾವೆ, ಶಾಲೆ ಬಿಟ್ಟ ಪ್ರಮಾಣಪತ್ರ ಮತ್ತು ಗುಣಪಟ್ಟಿ, ಆಧಾರ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಸಮಿತಿಯ ಆದೇಶಗಳ ಪ್ರತಿ, ವೈದ್ಯಕೀಯ ದಾಖಲೆ, ಮತ್ತು ನಾವು ಮೇಲೆ ಹೇಳಿದ ಯೋಜನೆಯ ಒಂದು ಪ್ರತಿ.

ವಯಸ್ಸಿನ ಪುರಾವೆಯ ಬಗ್ಗೆ ಎರಡು ಮಾತು. 94ನೆಯ ಕಲಮಿನ ಪ್ರಕಾರ ಮೊದಲು ಶಾಲೆಯ ಅಥವಾ ಮೆಟ್ರಿಕ್ ಪ್ರಮಾಣಪತ್ರ ನೋಡುತ್ತಾರೆ. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯತಿಯ ಜನನ ದಾಖಲೆ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಸಮಿತಿ ಬರೆದಿಟ್ಟ ವಯಸ್ಸೇ ನಿಜವಾದ ವಯಸ್ಸೆಂದು ಕಾಯಿದೆ ಒಪ್ಪುತ್ತದೆ. ಹೀಗಾಗಿ ಗೃಹ ಬಿಡುವ ದಿನ ಯಾವುದೆಂದು ಮಗುವಿಗೂ ಮೊದಲೇ ತಿಳಿದಿರಬೇಕು. ಎರಡು ತಿಂಗಳ ಗಡುವನ್ನು ಎಣಿಸುವುದು ಆ ದಿನದಿಂದ ಹಿಂದಕ್ಕೆ.

ಬ್ಯಾಂಕ್ ಖಾತೆಗೆ ಹದಿನೆಂಟಾಗಲೆಂದು ಕಾಯಬೇಕಾಗಿಲ್ಲ. ಹತ್ತು ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆಗೆ ರಿಸರ್ವ್ ಬ್ಯಾಂಕು 2014ರಲ್ಲಿಯೇ ದಾರಿ ಮಾಡಿದೆ. ಹದಿನೆಂಟು ತುಂಬಿದ ಮೇಲೆ ಹೊಸ ಸಹಿ, ಹೊಸ ದಾಖಲೆ ಕೊಟ್ಟು ಅದನ್ನೇ ಮುಂದುವರಿಸಬಹುದು.

ತಂದೆತಾಯಿ ಇಲ್ಲದವರಿಗೆ ಮಹಾರಾಷ್ಟ್ರದಲ್ಲಿ ಇನ್ನೊಂದು ಮಹತ್ವದ ಕಾಗದವಿದೆ. ಅದು ಮಹಿಳಾ ಮತ್ತು ಬಾಲವಿಕಾಸ ಇಲಾಖೆ ಕೊಡುವ ಅನಾಥ ಪ್ರಮಾಣಪತ್ರ. ಸರಕಾರಿ ನೌಕರಿ ಮತ್ತು ಶಿಕ್ಷಣದಲ್ಲಿ ಅನಾಥರಿಗೆ ಶೇಕಡಾ 1 ಮೀಸಲಾತಿಯನ್ನು ರಾಜ್ಯ ಸರಕಾರ 2018ರಲ್ಲಿ ಕೊಟ್ಟಿತು. 2021 ಮತ್ತು 2023ರ ಆದೇಶಗಳಿಂದ ಅದನ್ನು ತಿದ್ದಲಾಯಿತು. ಪ್ರಮಾಣಪತ್ರವಿಲ್ಲದೆ ಈ ಮೀಸಲಾತಿ ದೊರೆಯದು. ದಾಖಲೆಗಳೆಲ್ಲ ಒಂದೆಡೆ ಇರುವಾಗ, ಅಂದರೆ ಗೃಹದಲ್ಲಿರುವಾಗಲೇ, ಅದನ್ನು ಪಡೆಯುವುದು ಸುಲಭ.

7. ನಾವು ಮಾಡಬಹುದಾದದ್ದು

ನಾವು ಶ್ರೀಮಂತರಲ್ಲ. ಆದರೂ ಇಂಥ ತರುಣನಿಗೆ ಬೇಕಾದ ಹಲವು ವಸ್ತುಗಳು ಹಣದವಲ್ಲ.

ಮೊದಲನೆಯದಾಗಿ, ಜಿಲ್ಲಾ ಘಟಕ ಇಡಬೇಕಾದ ಪಟ್ಟಿಯಲ್ಲಿ 'ವ್ಯಕ್ತಿಗಳು' ಎಂಬ ಶಬ್ದವೂ ಇದೆಯೆಂದು ಹೇಳಿದೆವಷ್ಟೆ. ಲೆಕ್ಕ ಕಲಿಸಬಲ್ಲವರು, ಟೈಲರಿಂಗ್ ಬಲ್ಲವರು, ತಿಂಗಳಿಗೊಂದು ಭಾನುವಾರ ಕೊಡಬಲ್ಲವರು, ಹೋಟೆಲಿನಲ್ಲಿ ವಯಸ್ಸು ತುಂಬಿದವನಿಗೆ ಮರ್ಯಾದೆಯ ಕೆಲಸ ಕೊಡಬಲ್ಲವರು ನಮ್ಮ ವಾಚಕರಲ್ಲಿಯೇ ಇದ್ದಾರೆ. ಅಂಥವರು ಘಟಕಕ್ಕೆ ತಮ್ಮ ಹೆಸರನ್ನೂ ಕೊಡಬಲ್ಲ ಸಹಾಯವನ್ನೂ ಬರೆದು ತಿಳಿಸಬಹುದು. ಸಂಘಗಳೂ ಹಾಗೆಯೇ ಮಾಡಬಹುದು. ಗೃಹಕ್ಕೆ ಹಣ್ಣುಹಂಪಲು ಕೊಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಇದು ಹೆಚ್ಚು ದಿನ ಬಾಳುವ ಸಹಾಯ. ಅಲ್ಲದೆ ಅಂಥ ಮಕ್ಕಳ ಗುರುತು ತಿಳಿಯುವಂತೆ ಹೆಸರು, ಫೋಟೋ ಪ್ರಕಟಿಸುವುದನ್ನು 74ನೆಯ ಕಲಮು ನಿಷೇಧಿಸುತ್ತದೆ.

ಎರಡನೆಯದಾಗಿ, ಕಚೇರಿಯಲ್ಲಿ ಕಾಗದ ನೋಡುವ ನಮ್ಮ ಗುಮಾಸ್ತ ಬಂಧುಗಳಿಗೆ ಒಂದು ವಿನಂತಿ. ನೌಕರಿಯ ಫಾರಮಿನಲ್ಲಿ ತಂದೆಯ ಹೆಸರು, ಖಾಯಂ ವಿಳಾಸ, ಊರು, ಗುರುತು ಹೇಳುವ ಇಬ್ಬರ ಹೆಸರು ಎಂಬ ಅಂಕಣಗಳಿರುತ್ತವೆ. ನಮಗೆ ಅರ್ಧ ನಿಮಿಷದ ಕೆಲಸವಾದ ಇವು ಈ ತರುಣರಿಗೆ ದೊಡ್ಡ ಗೋಡೆಗಳು. ಅಂಕಣ ಖಾಲಿಯಿದ್ದರೆ ಎಲ್ಲರ ಮುಂದೆ ಕೇಳದೆ ಪಕ್ಕಕ್ಕೆ ಕರೆದು ಕೇಳೋಣ. ತಿಳಿದುದನ್ನು ನಮ್ಮಲ್ಲಿಯೇ ಇಟ್ಟುಕೊಳ್ಳೋಣ. ಪ್ರಾವಿಡೆಂಟ್ ಫಂಡಿನ ವಾರಸು ಪತ್ರದಲ್ಲಿ ಯಾರ ಹೆಸರನ್ನು ಬರೆಯಬೇಕೆಂದು ಅವನಿಗೆ ತೋಚದಿದ್ದರೆ ನಾವು ನಿಯಮವನ್ನು ಹೇಳಬೇಕು. ಕುಟುಂಬವಿಲ್ಲದ ಸದಸ್ಯ ತನಗೆ ಬೇಕಾದ ಯಾರನ್ನಾದರೂ ಹೆಸರಿಸಬಹುದು. ಮುಂದೆ ಮದುವೆಯಾಗಿ ಕುಟುಂಬವಾದಾಗ ಆ ಪತ್ರ ರದ್ದಾಗುತ್ತದೆ, ಹೊಸದನ್ನು ಕೊಡಬೇಕು. 'ಯಾರೂ ಇಲ್ಲ' ಎಂದು ಅಂಕಣವನ್ನು ಹಾಗೆಯೇ ಬಿಡುವುದು ಬೇಡ.

ಮೂರನೆಯದಾಗಿ, ನಮ್ಮ ಮಕ್ಕಳು ಗೃಹಕ್ಕೆ ಹೋಗದಂತೆ ನೋಡಿಕೊಳ್ಳುವುದು. ಕಲಬುರಗಿ, ವಿಜಾಪುರ, ಬಾಗಲಕೋಟೆಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳಲ್ಲಿ ದುಡಿಯುವವನು ಸತ್ತರೆ, ಮಕ್ಕಳನ್ನು ಎಲ್ಲಾದರೂ ಸೇರಿಸಿಬಿಡು ಎಂಬ ಸಲಹೆ ತಾಯಿಗೆ ಬೇಗ ಬರುತ್ತದೆ. ಸಂಸ್ಥೆಯಲ್ಲಿ ಇಡುವುದು ಕೊನೆಯ ಉಪಾಯವೆಂದು ಕಾಯಿದೆಯ 3ನೆಯ ಕಲಮೇ ಹೇಳಿದೆ. ಮಗು ತಾಯಿಯ ಬಳಿಯೇ ಇರುವಂತೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಪಟ್ಟಣದಲ್ಲಿ ಕುಟುಂಬದ ವಾರ್ಷಿಕ ಆದಾಯ 96,000, ಹಳ್ಳಿಯಲ್ಲಿ 72,000 ರೂಪಾಯಿ ಮೀರಿರಬಾರದು. ಮಹಾರಾಷ್ಟ್ರ ಸರಕಾರದ ಸಾವಿತ್ರಿಬಾಯಿ ಫುಲೆ ಬಾಲಸಂಗೋಪನ ಯೋಜನೆಯಲ್ಲಿಯೂ ತಿಂಗಳಿಗೆ 2,250 ರೂಪಾಯಿ ಇದೆ. ಮರಾಠಿ ಓದಲು ಬಾರದ ತಾಯಿಗೆ ಈ ಸಂಗತಿ ಹೇಳುವವರು ಯಾರು? ಅವಳ ಭಾಷೆ ಬಲ್ಲ ನಾವೇ ಹೇಳಬೇಕು.

ಅರ್ಜಿ ಬರೆಯಲು, ಮರಾಠಿಯ ಆದೇಶವನ್ನು ಕನ್ನಡದಲ್ಲಿ ಓದಿ ಹೇಳಲು ವಾಚನಾಲಯದಲ್ಲಿ ಸ್ವಯಂಸೇವಕರು ಸಿದ್ಧರಿದ್ದೇವೆ. ಇದಕ್ಕೆ ಯಾವ ಶುಲ್ಕವೂ ಇಲ್ಲ, ಹೆಸರನ್ನೂ ನಮೂದಿಸಿಕೊಳ್ಳುವುದಿಲ್ಲ.

ಅಭ್ಯಾಸ ಮಂಡಲಕ್ಕೆ ಪ್ರಶ್ನೆಗಳು

1. 46ನೆಯ ಕಲಮಿನಲ್ಲಿ 'ಬಹುದು' ಎಂದಿರುವಲ್ಲಿ 'ತಕ್ಕದ್ದು' ಎಂದಿದ್ದರೆ ಸರಕಾರದ ಹೊಣೆ ಹೇಗೆ ಬದಲಾಗುತ್ತಿತ್ತು?

2. ಒಬ್ಬ ಹುಡುಗಿಗೆ ಮುಂದಿನ ಜೂನ್ 1ರಂದು ಹದಿನೆಂಟು ತುಂಬುತ್ತದೆ. ಅವಳ ಯೋಜನೆ ಯಾವ ದಿನಾಂಕದೊಳಗೆ ಸಮಿತಿಗೆ ಸೇರಬೇಕು? ಅಷ್ಟರೊಳಗೆ ಯಾವ ಕಾಗದಗಳು ಸಿದ್ಧವಿರಬೇಕು?

3. ನೀವು ಈ ಪಟ್ಟಣಕ್ಕೆ ಬಂದ ಮೊದಲ ನಲವತ್ತು ದಿನಗಳ ಖರ್ಚನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದರಲ್ಲಿ ಯಾವ ಯಾವ ಬಾಬುಗಳನ್ನು ಊರಿನವರು ಅಥವಾ ನೆಂಟರು ಹೊತ್ತರು? ಅವನ್ನು ನೀವೇ ಕೊಡಬೇಕಾಗಿದ್ದರೆ ಒಟ್ಟು ಎಷ್ಟಾಗುತ್ತಿತ್ತು?

4. ನಿಮ್ಮ ಕಚೇರಿಯ ಅಥವಾ ಕಾರಖಾನೆಯ ನೌಕರಿ ಫಾರಮನ್ನು ತಂದು ನೋಡಿರಿ. ಊರೂ ಮನೆಯೂ ಇಲ್ಲದವನು ತುಂಬಲಾರದ ಅಂಕಣಗಳು ಎಷ್ಟಿವೆ? ಅವುಗಳಲ್ಲಿ ಕಾಯಿದೆಗೆ ನಿಜವಾಗಿ ಬೇಕಾದವು ಯಾವುವು, ರೂಢಿಯಿಂದ ಉಳಿದವು ಯಾವುವು?